ನಲವತ್ತು ನಾಣ್ಯದ ಗುರಾಣಿ

ನಾನೊಂದು ಗುರಾಣಿ. ನನ್ನನ್ನು ಮುಟ್ಟಿ ನೋಡಲು ನಿಮಗೆ ಆಗುವುದಿಲ್ಲ. ನಾನಿರುವುದು ‘ಏಳುಗಡಿ’ ಎಂಬ ಆನ್‌ಲೈನ್ ಆಟದೊಳಗೆ. ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಯೋಧರೋ ವೈದ್ಯರೋ ಕಮ್ಮಾರರೋ ಆಗಿ ಅಲ್ಲಿನ ಒಂದೇ ಪೇಟೆಯಲ್ಲಿ ಓಡಾಡುತ್ತಾರೆ. ಅವರ ನಿಜವಾದ ಮುಖ ನಾನು ಕಂಡಿಲ್ಲ. ಮೈಕಿನಲ್ಲಿ ಆಡುವ ಮಾತು ಮಾತ್ರ ಕೇಳಿಸುತ್ತದೆ. ನನ್ನ ಪಾಲಿಗೆ ಮನುಷ್ಯರೆಂದರೆ ದನಿಗಳು.

ನನ್ನನ್ನು ಮಾಡಿದವಳು ಕಸ್ತೂರಿ ಹಾದಿಮನಿ. ಬಾಗಲಕೋಟೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಸಂಜೆ ಮನೆಗೆ ಬಂದು, ಅತ್ತೆಗೆ ಚಹಾ ಕೊಟ್ಟು, ಆಟಕ್ಕೆ ಕೂರುತ್ತಿದ್ದಳು. ಉಳಿದವರು ರಾಕ್ಷಸರನ್ನು ಹುಡುಕಿಕೊಂಡು ಕಾಡಿಗೆ ಹೋದರೆ ಅವಳು ಕುಲುಮೆ ಬಿಟ್ಟು ಕದಲುತ್ತಿರಲಿಲ್ಲ. ಕಬ್ಬಿಣ ಕಾದು ಕೇಸರಿ ಬಣ್ಣಕ್ಕೆ ತಿರುಗುವ ಗಳಿಗೆಗೆ ಸರಿಯಾಗಿ ಸುತ್ತಿಗೆ ಬೀಳಬೇಕು. ಮುಂಚೆ ಬಿದ್ದರೆ ಬಿರುಕು, ತಡವಾದರೆ ಮೆದು. ಅವಳ ಕೈ ತಪ್ಪಿದ್ದು ಅಪರೂಪ. ಹಾಗೆ ಹುಟ್ಟಿದ ನನ್ನ ಒಳಮೈಯಲ್ಲಿ ‘ಕಸ್ತೂರಿ ಮಾಡಿದ್ದು’ ಎಂಬ ಅಚ್ಚು ಬಿತ್ತು.

ಪಕ್ಕದಲ್ಲಿ ನಿರಂಜನ ನಿಂತಿದ್ದ. ಹೊಸಪೇಟೆ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಕವರ್ ಮಾರುವವನು. ಆಟದಲ್ಲಿ ಅವಳಿಗೆ ಗುಡ್ಡದಿಂದ ಕಬ್ಬಿಣದ ಅದಿರು ತಂದುಕೊಡುವವನೂ ಅವನೇ. ಅವಳು ಅವನಿಗೆ ಅಕ್ಕ, ಅವನು ಅವಳಿಗೆ ತಮ್ಮ. ಇಬ್ಬರೂ ಎದುರಾಬದುರು ಭೇಟಿಯಾದವರಲ್ಲ. ಆದರೂ ಲ್ಯಾಬಿನ ಕಿರಿಕಿರಿ, ಅಂಗಡಿಯ ತಾಪತ್ರಯ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು.

ಕಸ್ತೂರಿ ನನಗೆ ಬೆಲೆ ಕಟ್ಟಿದಳು. ಕಬ್ಬಿಣ, ಇದ್ದಿಲು, ಹಿಡಿಯ ಚರ್ಮ, ಮೇಲೆ ತನ್ನ ಕೆಲಸಕ್ಕೆ ಸ್ವಲ್ಪ, ಎಲ್ಲ ಸೇರಿ ನಲವತ್ತು ನಾಣ್ಯ.

“ನೂರು ಇಟ್ರೂ ಹೋಗತೈತಿ ಅಕ್ಕಾ” ಎಂದ ನಿರಂಜನ.

“ನೂರು ಕೊಡಾಕ ಹೊಸಬರ ಹತ್ರ ಎಲ್ಲಿರತೈತಿ ತಮ್ಮಾ? ಗುರಾಣಿ ಬೇಕಾಗಿರೋದು ಅವರಿಗೇ.”

ಅವನು ನಕ್ಕ. ಅವಳು ನನ್ನನ್ನು ಉಳಿದ ಗುರಾಣಿಗಳ ಜೊತೆ ಮಳಿಗೆಯಲ್ಲಿಟ್ಟಳು. ಆ ಆಟದಲ್ಲಿ ಒಡೆಯರು ಇಲ್ಲದಿದ್ದರೂ ಮಳಿಗೆ ತೆರೆದೇ ಇರುತ್ತದೆ. ಬಂದವರು ನಾಣ್ಯ ಹಾಕಿ ಬೇಕಾದ್ದನ್ನು ಒಯ್ಯಬಹುದು.

ಮರುದಿನ ಕಸ್ತೂರಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕುಲುಮೆ ತಣ್ಣಗಾಯಿತು. ನಿರಂಜನ ದಿನಾ ಬಂದು ಅದಿರು ಸುರಿದು, ಸ್ವಲ್ಪ ಹೊತ್ತು ಕಾದು ಹೋಗುತ್ತಿದ್ದ. ಹೀಗೆ ಎರಡು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಮಳಿಗೆಯ ಮುಂದೆ ನಿಂತೇ ಅವಳ ಮೊಬೈಲಿಗೆ ಕರೆ ಮಾಡಿದ. ಮೈಕು ತೆರೆದಿತ್ತು, ಫೋನಿನ ದನಿಯೂ ನನಗೆ ಕೇಳಿಸಿತು. ಎತ್ತಿದವರು ಅವಳ ವಯಸ್ಸಾದ ಅತ್ತೆ. ಕಸ್ತೂರಕ್ಕ ಅದಾರೇನ್ರಿ ಎಂದು ಇವನು ಕೇಳಿದ. ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಕೂಗಿ ಕೇಳಿದ.

“ಅಕಿ ಇಲ್ಲಪಾ” ಎಂದರು ಅತ್ತೆ. “ಅಕಿ ಹೋದ್ಳು.” ಮುಂದೆ ಏನೋ ಹೇಳುತ್ತ ಅಳು ಬಂದು ಕರೆ ಕಡಿದರು.

ನಿರಂಜನ ಅತ್ತ. ಬಿಕ್ಕಿ ಬಿಕ್ಕಿ ಅತ್ತ. ಅಯ್ಯೋ ಅಕ್ಕಾ, ಅಯ್ಯೋ ಅಕ್ಕಾ ಎನ್ನುತ್ತಿದ್ದ. ನನಗೂ ದಿಕ್ಕು ತೋಚದಂತಾಯಿತು. ಅಷ್ಟರಲ್ಲಿ ನಾಣ್ಯ ಬೀಳುವ ಸದ್ದಾಯಿತು. ನನ್ನ ಪಕ್ಕದ ಗುರಾಣಿ ಮಾಯವಾಯಿತು. ಮತ್ತೆ ಸದ್ದು, ಮತ್ತೊಂದು ಗುರಾಣಿ. ಆಮೇಲೆ ನಾನು. ಅವನ ಚೀಲದೊಳಗೆ ಬಿದ್ದ ಮೇಲೆಯೇ ನನಗೆ ಅರ್ಥವಾದದ್ದು. ಅವನು ಅಳುತ್ತಲೇ ಕೊಳ್ಳುತ್ತಿದ್ದ. ಮಳಿಗೆ ಬರಿದಾದ ಮೇಲೆ ಪೇಟೆಯೆಲ್ಲ ಸುತ್ತಿ, ಅವಳ ಅಚ್ಚಿದ್ದ ಮಾಲು ಯಾರ ಬಳಿ ಮಾರಾಟಕ್ಕಿದ್ದರೂ ಹಳೆಯ ಬೆಲೆಗೇ ಎತ್ತಿಕೊಂಡ. ಅಳು ನಿಂತಿರಲಿಲ್ಲ. ಅದು ನಾಟಕವೂ ಆಗಿರಲಿಲ್ಲ. ಹತ್ತಿರದಿಂದ ಕೇಳಿದ ನನಗೆ ಅದು ಗೊತ್ತು.

ಎಲ್ಲ ಕೈಸೇರಿದ ಮೇಲೆ ಪೇಟೆಯ ಕಟ್ಟೆ ಹತ್ತಿ ಕಸ್ತೂರಕ್ಕ ತೀರಿಹೋದರು ಎಂದು ಸಾರಿದ.

ಜನ ಸೇರಿದರು. ದೀಪ ಹಚ್ಚಿದರು. ಆಕೆಯ ಕೆಲಸದ ನೆನಪಿಗೆ ಒಂದಾದರೂ ಬೇಕು ಎಂದು ಹುಡುಕಿದವರಿಗೆ ಮಾಲು ಎಲ್ಲೂ ಇರಲಿಲ್ಲ, ನಿರಂಜನನ ಬಳಿ ಬಿಟ್ಟು. ಇನ್ನು ಇಂಥದ್ದು ಹುಟ್ಟುವುದಿಲ್ಲ ಎಂದು ಒಬ್ಬರು ಇನ್ನೂರು ಎಂದರು, ಇನ್ನೊಬ್ಬರು ಐನೂರು ಎಂದರು. ನನ್ನ ಸರದಿ ಬರುವಾಗ ಬೆಲೆ ಎರಡು ಸಾವಿರ ಮುಟ್ಟಿತ್ತು. ನನ್ನ ಕಬ್ಬಿಣ ಬದಲಾಗಿರಲಿಲ್ಲ, ಹಿಡಿ ಬದಲಾಗಿರಲಿಲ್ಲ. ಒಬ್ಬಳು ಸತ್ತಿದ್ದಕ್ಕೆ ನನಗೆ ಈ ಬೆಲೆ ಬಂತಲ್ಲ ಎನಿಸಿತು.

ನನ್ನನ್ನು ಕೊಂಡವನು ಮೆಲ್ವಿನ್, ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಯವನು. ಆಟದಲ್ಲಿ ಒಂದು ದೋಣಿ ಕೊಳ್ಳಲೆಂದು ಬಹಳ ಕಾಲದಿಂದ ನಾಣ್ಯ ಕೂಡಿಟ್ಟಿದ್ದ. ಅಷ್ಟನ್ನೂ ನನಗೆ ಸುರಿದ. ಹೊಸದಾಗಿ ಬಂದಾಗ ಕಸ್ತೂರಿ ಕೊಟ್ಟ ಗುರಾಣಿಯಿಂದಲೇ ತಾನು ಉಳಿದದ್ದು ಎಂದು ಪಕ್ಕದವರಿಗೆ ಹೇಳುತ್ತಿದ್ದ. ಆಟದೊಳಗೆ ಕಡಲ ದಂಡೆಯಲ್ಲಿದ್ದ ತನ್ನ ಮನೆಯ ಗೋಡೆಗೆ ನನ್ನನ್ನು ತೂಗುಹಾಕಿ, ಕೆಳಗೊಂದು ಮೇಣದ ಬತ್ತಿ ಹಚ್ಚಿಟ್ಟ.

ತಿಂಗಳುಗಳು ಹೋದವು. ಒಂದು ಸಂಜೆ ಪೇಟೆಯ ಕಡೆಯಿಂದ ಎಳೆದೆಳೆದು ಆಡುವ ಒಂದು ದನಿ ಕೇಳಿತು.

“ಯಾರರ ಅದೀರೇನ್ರಿ? ನಾ ಕಸ್ತೂರಿ. ನನ್ನ ಮಳಿಗ್ಯಾಗ ಏನೂ ಉಳಿದಿಲ್ಲಲ್ಲ?”

ಮೆಲ್ವಿನ್ ನನ್ನನ್ನು ಗೋಡೆಯಿಂದ ಕಿತ್ತುಕೊಂಡೇ ಪೇಟೆಗೆ ಓಡಿದ. ಅವಳೇ. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿದ್ದಳಂತೆ. ಮಾತು ಮರಳಲು ಇಷ್ಟು ಕಾಲ ಹಿಡಿಯಿತಂತೆ, ಬಲಗೈ ಇನ್ನೂ ಪೂರ್ತಿ ಏಳುವುದಿಲ್ಲವಂತೆ. ಅತ್ತೆ ಫೋನಿನಲ್ಲಿ ಹೇಳಲು ಹೊರಟಿದ್ದು ಇಷ್ಟೇ. ಅಕಿ ಮನೆಯಲ್ಲಿ ಇಲ್ಲ, ಹುಬ್ಬಳ್ಳಿಗೆ ಹೋದಳು.

ಜನ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಕೆಲವರು ಅತ್ತರು, ನಿಜ. ಆದರೆ ಗುಂಪಿನಲ್ಲಿ ಗುಸುಗುಸು ಎದ್ದಿತು. ನನ್ನಂಥ ಐದಾರು ಗುರಾಣಿಗಳನ್ನು ಕೊಂಡಿಟ್ಟಿದ್ದ ಒಬ್ಬ ಗಂಡಸು ಮುಂದೆ ಬಂದ.

“ನೀವು ಬದುಕಿರೋದು ಸಂತೋಷ ಮೇಡಮ್. ಆದ್ರೆ ದಯವಿಟ್ಟು ಇನ್ಮೇಲೆ ಗುರಾಣಿ ಮಾಡ್ಬೇಡಿ. ನೀವು ಮಾಡಿದ್ರೆ ನಮ್ಮ ಮಾಲಿಗೆ ಬೆಲೆ ಇರಲ್ಲ.”

ಹೌದು ಹೌದು ಎಂದು ನಾಲ್ಕಾರು ದನಿ ಸೇರಿದವು. ಕಸ್ತೂರಿ ಗುಂಪಿನ ಕಡೆ ತಿರುಗಿದಳು.

“ಅಂದ್ರ ನಾ ಸತ್ತಿದ್ರ ಚಲೋ ಇತ್ತೇನ್ರಿ?”

ಹಾಗಲ್ಲ ಎಂದು ಯಾರೂ ಅನ್ನಲಿಲ್ಲ.

ಮಾಲೆಲ್ಲ ಯಾರಿಂದ ಬಂತು ಎಂದು ಅವಳು ಕೇಳಿದಾಗ ಎಲ್ಲರೂ ಒಂದೇ ಹೆಸರು ಹೇಳಿದರು; ಸುದ್ದಿ ಸಾರುವ ಮುಂಚೆಯೇ ಅವನು ಎಲ್ಲ ಕೊಂಡಿಟ್ಟಿದ್ದ ಎಂದೂ ಹೇಳಿದರು. ನಿರಂಜನ ಗುಂಪಿನಲ್ಲೇ ಇದ್ದ.

“ಖರೇನ ಅತ್ತೀನಿ ಅಕ್ಕಾ” ಎಂದ. “ಆ ದಿನ ಊಟಾನೂ ಮಾಡಿಲ್ಲ.”

“ನೀ ಅತ್ತಿ. ನಂಬ್ತೀನಿ. ಅಳೂವಾಗ ಕೈ ಏನ್ ಮಾಡಾಕತ್ತಿತ್ತು?”

ಅವನ ಮೈಕು ಬಂದ್ ಆಯಿತು.

ಮರುದಿನ ಅವನು ಗಳಿಸಿದ್ದನ್ನೆಲ್ಲ ತಂದು ಅವಳ ಮುಂದೆ ಸುರಿದ. ಕೊಟ್ಟವರಿಗೆ ಕೊಡು ಎಂದಷ್ಟೇ ಹೇಳಿದಳು. ಅವನು ಮನೆಮನೆಗೆ ಹೋಗಿ ಹಿಂತಿರುಗಿಸಿದ. ಮೆಲ್ವಿನ್ ನಾಣ್ಯ ಎಣಿಸಿಕೊಂಡು ದೋಣಿ ಕೊಂಡ. ನನ್ನನ್ನು ಮಾತ್ರ ಮರಳಿಸಲಿಲ್ಲ. ಗೋಡೆಗೂ ಹಾಕಲಿಲ್ಲ. ಕೈಗೆ ಹಾಕಿಕೊಂಡು ಸಮುದ್ರಕ್ಕೆ ಇಳಿದ. ನಾನು ಹೊಡೆತ ತಿಂದದ್ದು ಆಗಲೇ. ಕಡಲಹಾವಿನ ಬಾಲ, ಕಳ್ಳರ ಕೊಡಲಿ, ಎಲ್ಲ ತಿಂದೆ. ಅಂಚು ಸೀಳಿದಾಗ ರಿಪೇರಿಗೆಂದು ಕಸ್ತೂರಿಯ ಬಳಿ ಒಯ್ದ.

ಅವಳು ಎಡಗೈಯಲ್ಲಿ ಸುತ್ತಿಗೆ ಹಿಡಿಯಲು ಕಲಿತಿದ್ದಳು. ಮೂರು ಬಾರಿ ತಪ್ಪಿ ಒಂದು ಬಾರಿ ಸರಿಬೀಳುತ್ತಿತ್ತು. ಮಳಿಗೆಯಲ್ಲಿ ಒಂದೋ ಎರಡೋ ಹೊಸ ಗುರಾಣಿ, ಬೆಲೆ ನಲವತ್ತು.

“ನಿನಗ ಸಿಟ್ಟು ಬಂದಿಲ್ಲೇನ್ ಮೆಲ್ವಿನ್?” ಎಂದು ಕೇಳಿದಳು.

“ಖುಷಿ ಆಯ್ತು ಅಕ್ಕ. ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳುದು. ಯಾರ ಮೇಲೆ ಅಂತ ಗೊತ್ತಾಗ್ಲಿಲ್ಲ ಮಾರ್ರೆ.”

ಅವಳು ಸಣ್ಣಗೆ ನಕ್ಕಳು. ಅದೇ ಹೊತ್ತಿಗೆ ಗಿರಾಕಿಗಳ ಸಾಲಿನಲ್ಲಿ ನಿಂತಿದ್ದ ನಿರಂಜನ ಮುಂದೆ ಬಂದ. ಬೆನ್ನ ಮೇಲೆ ಅದಿರಿನ ಮೂಟೆಯಿತ್ತು. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದನೇನೋ. ನಾನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿದ್ದೆ, ಸುತ್ತಿಗೆ ನಿಂತಿತು.

“ಏನ್ ಬೇಕ್ರಿ ನಿಮಗ?” ಎಂದಳು ಕಸ್ತೂರಿ.

ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸ ಗಿರಾಕಿಯನ್ನು ಕೇಳುವ ಹಾಗೆ ಮರ್ಯಾದೆಯಿಂದ ಕೇಳಿದಳು. ನಿರಂಜನ ಮೂಟೆ ಇಳಿಸಲಿಲ್ಲ. ಒಂದು ಗುರಾಣಿ ಎಂದ. ನಲವತ್ತು ನಾಣ್ಯ ಹಾಕಿ, ಕೊಂಡದ್ದನ್ನು ಎದೆಗೆ ಹಿಡಿದುಕೊಂಡು ಹೋದ.

ಈಗ ನನ್ನ ಮೈಯೆಲ್ಲ ಬೆಸುಗೆ. ಇನ್ನೊಂದು ಹೊಡೆತ ತಾಳುವುದಿಲ್ಲವೆಂದು ಮೆಲ್ವಿನ್ ನನ್ನನ್ನು ದೋಣಿಯ ತಳದಲ್ಲಿ ಹಗ್ಗದ ಸುರುಳಿಯ ಮೇಲೆ ಇಟ್ಟಿದ್ದಾನೆ. ಪೇಟೆಗೆ ಒಯ್ದರೆ ಹತ್ತು ನಾಣ್ಯವೂ ಹುಟ್ಟದು. ಬೇಸರವಿಲ್ಲ. ನನ್ನ ಬೆಲೆ ಒಮ್ಮೆ ಮುಗಿಲು ಮುಟ್ಟಿದ್ದು ಯಾಕೆಂದು ನನಗೆ ಗೊತ್ತು. ಹೀಗೆ ಅಗ್ಗವಾಗಿ ಬಿದ್ದಿರುವಷ್ಟು ದಿನವೂ ಕಸ್ತೂರಿ ಅಲ್ಲಿ ಕುಲುಮೆಯ ಮುಂದೆ ಕೂತಿದ್ದಾಳೆ ಎಂದೇ ಅರ್ಥ.