ಹುಳುಮನೆಯೊಳಗಿನ ಇಂಗ್ಲಿಷ್

ಹೆತ್ತ ಮಗಳ ಜೊತೆ ಮಾತಾಡಲು ನನಗಿರುವ ಮಾತು ಒಂದು ಹಿಡಿಯಷ್ಟು. ಕಮ್ ಹಿಯರ್. ಈಟ್ ಯುವರ್ ಫುಡ್. ಡೋಂಟ್ ಕ್ರೈ. ವೆರಿ ಗುಡ್. ಇಷ್ಟರಲ್ಲಿ ಅಂಗಡಿ ನಡೆಸಬಹುದೇನೋ, ತಾಯ್ತನ ನಡೆಯುವುದಿಲ್ಲ. ಮಗು ಬಿದ್ದು ಮಂಡಿ ಕೆತ್ತಿಕೊಂಡು ಬಂದರೆ "ಅಯ್ಯೋ ನನ್ನ ಬಂಗಾರ" ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೋ ನನಗೆ ಗೊತ್ತಿಲ್ಲ. "ಡೋಂಟ್ ಕ್ರೈ" ಎಂದು ಅರಿಶಿನ ಹಚ್ಚುತ್ತೇನೆ. ಅವಳೂ ಅಳು ನುಂಗಿ "ಓಕೆ ಮಮ್ಮಿ" ಅನ್ನುತ್ತಾಳೆ.

ಜೋಷಿತಾ ಒಂದನೇ ಕ್ಲಾಸು. ದಿಬ್ಬೂರಹಳ್ಳಿಯ ನಮ್ಮ ಮನೆಯ ಮುಂದೆಯೇ ಶಿಡ್ಲಘಟ್ಟದ ಸ್ಕೂಲ್ ವ್ಯಾನ್ ಬಂದು ಅವಳನ್ನು ಹತ್ತಿಸಿಕೊಳ್ಳುತ್ತದೆ. ಮನೆಮಾತು ತೆಲುಗು, ಬೀದಿಯಲ್ಲಿ ತೆಲುಗು ಕನ್ನಡ ಎರಡೂ ಕಲಸಿದ ಹುಳಿಯನ್ನ. ಕ್ಲಾಸಿನಲ್ಲಿ ಮಾತ್ರ ಅವಳ ಬಾಯಿಗೆ ಬೀಗ. ಮೊದಲ ಪೇರೆಂಟ್ಸ್ ಮೀಟಿಂಗಿನಲ್ಲಿ ಮಿಸ್ಸು, "ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಇಲ್ಲಾಂದ್ರೆ ಬರಲ್ಲ" ಎಂದು ಹೇಳಿದ್ದೇ ತಡ, ನನ್ನ ಗಂಡ ಅದನ್ನು ವೇದವಾಕ್ಯ ಮಾಡಿಕೊಂಡ.

ಸುನೀಲ್‌ಕುಮಾರ್ ಕೆಟ್ಟವನಲ್ಲ. ಗೌರಿಬಿದನೂರಿನ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅಲ್ಲೇ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಒಮ್ಮೆ ಫ್ಯಾಕ್ಟರಿಯ ಮೀಟಿಂಗಿನಲ್ಲಿ ದೊಡ್ಡ ಸಾಹೇಬರು ಇಂಗ್ಲಿಷಿನಲ್ಲಿ ಏನೋ ಕೇಳಿದಾಗ ಎದ್ದು ನಿಂತು, ಬಾಯಿ ಬಾರದೆ, ಹಾಗೇ ಕೂತನಂತೆ. ಅವನ ಕೈಕೆಳಗಿನ ಹುಡುಗರು ಮುಸಿಮುಸಿ ನಕ್ಕರಂತೆ. ಅದನ್ನು ನನಗೆ ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಅವನಿಗಾದ ಗಾಯಕ್ಕೆ ಮಗುವಿನ ಬಾಯಿಗೆ ಪಟ್ಟಿ ಕಟ್ಟುವುದು ಯಾವ ನ್ಯಾಯ?

ಹಾಲಿನಲ್ಲಿ ಟಿವಿಯ ಮೇಲೆ ಒಂದು ಕ್ಯಾಮೆರಾ ಹಾಕಿಸಿದ. ಅದರಲ್ಲಿ ನೋಡಬಹುದು, ಕೇಳಬಹುದು, ಅಲ್ಲಿಂದಲೇ ಮಾತಾಡಲೂಬಹುದು. ಟಿವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಇಂಗ್ಲಿಷ್ ಪಾಠ. ಒಂದು ಹುಡುಗಿಯ ದನಿ "ಪ್ಲೀಸ್ ಗಿವ್ ಮಿ ದ ಪೆನ್ಸಿಲ್, ಪ್ಲೀಸ್ ಕ್ಲೋಸ್ ದ ವಿಂಡೋ" ಎಂದು ಹೇಳುತ್ತಲೇ ಇರುತ್ತದೆ. ನಾವು ಮರೆತು ಒಂದು ತೆಲುಗು ಮಾತು ಆಡಿದೆವೋ, ಗೋಡೆಯಿಂದ ಗಂಡನ ದನಿ ಬರುತ್ತದೆ: "ಯಾರದು? ಇಂಗ್ಲಿಷ್, ಇಂಗ್ಲಿಷ್!" ಮನೆಯಲ್ಲಿ ಇಲ್ಲದ ಗಂಡನಿಗೆ ಇಷ್ಟು ಹೆದರಿದ ಹೆಂಗಸು ಈ ಸುತ್ತಮುತ್ತ ಇನ್ನೊಬ್ಬಳಿಲ್ಲ.

"ಹಾಡ್ತಾ ಹಾಡ್ತಾ ರಾಗ ಕಣೇ, ಬಿಡದೆ ಮಾತಾಡಿದ್ರೆ ತಾನಾಗೇ ಬರುತ್ತೆ" ಅನ್ನುತ್ತಾನೆ.

"ನರಳ್ತಾ ನರಳ್ತಾ ರೋಗ ಅಂತಾನೂ ಗಾದೇಲೇ ಇದೆಯಲ್ರೀ" ಅಂದೆ ಒಮ್ಮೆ. ಆವತ್ತು ರಾತ್ರಿ ಊಟ ಮಾಡದೆ ಮಲಗಿದ.

ಭಾಷೆ ಹೇಗೆ ಬರುತ್ತದೆ ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ನಾನು ತೊಂಡೇಬಾವಿಯವಳು, ನಮ್ಮ ಮನೆಯಲ್ಲಿ ಕನ್ನಡವೇ. ಮದುವೆಯಾಗಿ ಬಂದಾಗ ನನ್ನ ಅತ್ತೆ ಅಮ್ಮಾಜಮ್ಮನವರ ತೆಲುಗು ನನಗೆ ಮಳೆ ಬಿದ್ದ ಸದ್ದು. ಹುಳುಮನೆಯಲ್ಲಿ ಅವರು ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಾ "ಆಕು ತೇ" ಅನ್ನುತ್ತಿದ್ದರು, ನಾನು ಸೊಪ್ಪು ತಂದುಕೊಡುತ್ತಿದ್ದೆ. ಎಷ್ಟೋ ತಿಂಗಳು ಊಂ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅತ್ತೆ ಅವಸರ ಮಾಡಲಿಲ್ಲ. ನನ್ನ ಮೊದಲ ಪೂರ್ತಿ ತೆಲುಗು ಮಾತು ಬಂದದ್ದು ಅವರ ಜೊತೆಗಿನ ಜಗಳದಲ್ಲಿ. ಸಿಟ್ಟು ನೆತ್ತಿಗೇರಿ ಉದ್ದಕ್ಕೆ ಬೈದುಬಿಟ್ಟೆ. ಅತ್ತೆ ಜಗಳ ಮರೆತು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, "ಬಂತಮ್ಮಾ, ಬಂತು!" ಎಂದು ಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದರು. ಹೆದರಿಕೆ ಇಲ್ಲದ ಕಡೆ ನಾಲಿಗೆ ತಾನಾಗಿ ಹೊರಳುತ್ತದೆ, ನನಗೆ ಗೊತ್ತಿರುವುದು ಅಷ್ಟೇ.

ಅದೇ ಅತ್ತೆ ಈಗ ಮೊಮ್ಮಗಳ ಮುಂದೆ ಮೂಗಿ. ಅವರಿಗೆ ತೆಲುಗು ಬಿಟ್ಟರೆ ಸಂತೆಗೆ ಸಾಕಾಗುವಷ್ಟು ಕನ್ನಡ. ಮಗು ಎದುರಿಗೆ ಬಂದರೆ ತಲೆ ಸವರಿ, ಸನ್ನೆಯಲ್ಲೇ "ತಿಂದೆಯಾ" ಎಂದು ಕೇಳುತ್ತಾರೆ. ಇಂಗ್ಲಿಷ್ ದನಿ ಎಲ್ಲಿಂದ ಬಂದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದು ತಮಗೆ ಸಂಬಂಧಿಸಿದ್ದಲ್ಲ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಹಿತ್ತಲಿನ ಹುಳುಮನೆಯಲ್ಲಿ ಮಾತ್ರ ಕ್ಯಾಮೆರಾ ಇಲ್ಲ. ಅಜ್ಜಿ ಮೊಮ್ಮಗಳು ಸೊಪ್ಪಿನ ನೆಪದಲ್ಲಿ ಅಲ್ಲಿ ಸೇರುತ್ತಿದ್ದರು. ಕಿಟಕಿಯ ಹೊರಗೆ ನಿಂತರೆ ಒಳಗಿನ ಗುಸುಗುಸು, ನಗು ಕೇಳುತ್ತಿತ್ತು. ನಾನು ಕೇಳಿಯೂ ಕೇಳದವಳ ಹಾಗೆ ಇದ್ದೆ. ನನ್ನ ಮಗಳು ನಕ್ಕಿದ್ದನ್ನು ಕೇಳಲು ನಾನೇ ಕದ್ದು ನಿಲ್ಲುವಂತಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಕಳೆದ ವಾರ ಅದೂ ಹೋಯಿತು. ಅಜ್ಜಿಯ ಕಥೆಯ ಗುಂಗಿನಲ್ಲೇ ಮಗು ಹಾಲಿಗೆ ಬಂದು, ಅಜ್ಜಿಯನ್ನು ಅವ್ವಾ, ಅವ್ವಾ ಎಂದು ಕರೆದು ತೆಲುಗಿನಲ್ಲಿ ಏನೋ ಕೇಳಿತು. ಅತ್ತೆ ಮೈಮರೆತು ಉತ್ತರ ಕೊಟ್ಟರು. ವಾರದ ಕೊನೆಯಲ್ಲಿ ಬಂದ ಸುನೀಲ್ ಅದನ್ನು ಫೋನಿನಲ್ಲಿ ತೋರಿಸಿ, ಮೂವರನ್ನೂ ಎದುರಿಗೆ ಕೂರಿಸಿಕೊಂಡ.

"ಇನ್ನೊಂದ್ ಸಲ ಈ ಮನೇಲಿ ತೆಲುಗು ಕೇಳಿಸಿದ್ರೆ ಅಮ್ಮನ್ನ ಚಿಂತಾಮಣಿಗೆ, ಅಕ್ಕನ ಮನೆಗೆ ಕರ್ಕೊಂಡೋಗಿ ಬಿಟ್ಬರ್ತೀನಿ. ಜೋಷಿತಾಗೆ ಇಂಗ್ಲಿಷ್ ಬರೋವರ್ಗೂ ಅಲ್ಲೇ ಇರ್ಲಿ. ನನಗೇನು ಇಷ್ಟನಾ? ಅವಳ ಒಳ್ಳೇದಕ್ಕೆ ಹೇಳ್ತಿರೋದು."

ಅತ್ತೆ ತಲೆ ತಗ್ಗಿಸಿಕೊಂಡು ಕೂತಿದ್ದರು. ಜೋಷಿತಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮಗುವಿಗೇನು ತಿಳಿದೀತು ಎಂದುಕೊಂಡೆವು.

ಇವತ್ತು ಸ್ಕೂಲಿಗೆ ರಜೆ. ಹುಳು ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಮುಂಚೆ ಹುಳು ತಿನ್ನುವುದು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಆಗ ಸೊಪ್ಪು ಹಾಕುವಂತಿಲ್ಲ. ಹಾಸು ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ, ಕಿಟಕಿ ಬಾಗಿಲು ಮುಚ್ಚಿ ಬಂದರೆ, ಹುಳು ಏಳುವವರೆಗೆ ಯಾರೂ ಒಳಗೆ ಹೋಗುವುದಿಲ್ಲ. ಅತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸುಣ್ಣ ಉದುರಿಸಿ, ಹೊರಗಿನಿಂದ ಚಿಲಕ ಹಾಕಿ ಬಂದು, ಜಗಲಿಯ ಮೇಲೆ ಅವರೆಕಾಯಿ ಸುಲಿಯಲು ಕೂತರು. ನಾನು ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ್ದೆ. ಮಗು ಟಿವಿಯ ಮುಂದೆ ಇದೆ ಎಂದು ನಾನಂದುಕೊಂಡಿದ್ದೆ, ಅತ್ತೆಯೂ ಅಂದುಕೊಂಡಿದ್ದರು.

ಮಗು ಅಜ್ಜಿಯ ಹಿಂದೆಯೇ ಸದ್ದಿಲ್ಲದೆ ನುಗ್ಗಿ, ಹುಳುವಿನ ತಟ್ಟೆ ಜೋಡಿಸಿದ ಕೊನೆಯ ಸ್ಟ್ಯಾಂಡಿನ ಕೆಳಗೆ ಅಡಗಿ ಕೂತಿತ್ತು. ಸುಣ್ಣ ಉದುರಿಸಿ ಮುಗಿದ ಮೇಲೆ ಅಜ್ಜಿಯನ್ನು ಬೆಚ್ಚಿ ಬೀಳಿಸೋಣ ಎಂದು. ಅದು ನಮಗೆ ಗೊತ್ತಾಗಿದ್ದು ಆಮೇಲೆ.

ಮಿಕ್ಸಿ ನಿಲ್ಲಿಸಿದಾಗಲೆಲ್ಲ ನನಗೆ ಇಂಗ್ಲಿಷ್ ಕೇಳುತ್ತಿತ್ತು. ಪ್ಲೀಸ್ ಓಪನ್ ದ ಬುಕ್. ಪ್ಲೀಸ್ ಓಪನ್ ದ ಡೋರ್. ಇದ್ದದ್ದೇ ಎಂದು ಮತ್ತೆ ಮಿಕ್ಸಿ ತಿರುಗಿಸಿದೆ. ಜಗಲಿಯಲ್ಲಿದ್ದ ಅತ್ತೆಗೂ ಆ ದನಿ ಕೇಳಿತ್ತು. ಅವರೂ ತಲೆ ಎತ್ತದೆ ಕಾಳು ಸುಲಿಯುತ್ತಿದ್ದರು.

ಆಗ ಕರೆಂಟು ಹೋಯಿತು. ಯುಪಿಎಸ್ ಕೆಟ್ಟು ಮೂಲೆ ಸೇರಿ ಬಹಳ ದಿನವಾಗಿತ್ತು. ಮಿಕ್ಸಿ, ಫ್ಯಾನು, ಟಿವಿ, ಟಿವಿಯ ಮೇಲಿನ ಗಂಡ, ಎಲ್ಲ ಒಟ್ಟಿಗೆ ಸುಮ್ಮನಾದವು. ಮನೆ ಎಷ್ಟು ದೊಡ್ಡದು ಅನ್ನಿಸಿತು. ನಾನು ಉಸಿರು ಬಿಟ್ಟು ಜಗಲಿಗೆ ಬಂದೆ.

"ಪ್ಲೀಸ್ ಓಪನ್ ದ ಡೋರ್."

ಅತ್ತೆಯ ಕೈ ನಿಂತಿತು. "ಕರೆಂಟು ಹೋದರೂ ಅದು ಮಾತಾಡ್ತಾನೇ ಇದೆಯಲ್ಲಮ್ಮಾ?" ಎಂದರು ತೆಲುಗಿನಲ್ಲಿ.

"ಪ್ಲೀಸ್ ಓಪನ್ ದ ಡೋರ್" ಎಂದು ಮತ್ತೆ ಬಂತು. ಅದರ ಹಿಂದೆಯೇ ಕೆಮ್ಮು ಬಂತು. ಟಿವಿಯ ಹುಡುಗಿ ಯಾವತ್ತೂ ಕೆಮ್ಮುವುದಿಲ್ಲ.

ಹಿತ್ತಲಿಗೆ ಹೇಗೆ ಓಡಿದೆನೋ ಗೊತ್ತಿಲ್ಲ. ಚಿಲಕ ತೆಗೆದರೆ ಒಳಗೆ ಸುಣ್ಣದ ಮಬ್ಬು. ಬಾಗಿಲ ಹತ್ತಿರವೇ ಜೋಷಿತಾ ನಿಂತಿದ್ದಳು. ತಲೆ, ಹುಬ್ಬು, ಫ್ರಾಕು, ಎಲ್ಲ ಬೆಳ್ಳಗೆ. ಕಣ್ಣು ಕೆಂಪಗೆ ನೀರಾಡುತ್ತಿತ್ತು. ಎಷ್ಟು ಹೊತ್ತಿನಿಂದ ಬಾಗಿಲು ತಳ್ಳುತ್ತಿದ್ದಳೋ, ಅಂಗೈ ಕೂಡ ಕೆಂಪಾಗಿತ್ತು. ನನ್ನನ್ನು ನೋಡಿ "ಥ್ಯಾಂಕ್ ಯೂ ಮಮ್ಮಿ" ಅಂದಳು.

ಹಿಂದೆ ಓಡಿಬಂದ ಅತ್ತೆ, "ಅಯ್ಯೋ ನಾ ತಲ್ಲೀ! ಅವ್ವಾ ಅಂತ ಒಂದು ಕೂಗು ಹಾಕಬಾರದಾ? ಇಲ್ಲೇ ಕೂತಿದ್ದೆನಲ್ಲೇ" ಎಂದು ತೆಲುಗಿನಲ್ಲಿ ಗೋಳಾಡುತ್ತಾ ಅವಳನ್ನು ಬಾಚಿಕೊಂಡರು. ಜೋಷಿತಾ ಸುಣ್ಣದ ಕೈಯನ್ನು ಪಟ್ಟನೆ ಅಜ್ಜಿಯ ಬಾಯಿಯ ಮೇಲಿಟ್ಟಳು. ಅತ್ತೆ ತಲೆ ಆಚೀಚೆ ತಿರುಗಿಸಿದರೂ ಬಿಡಲಿಲ್ಲ. ಮನೆಯ ಕಡೆ ನೋಡುತ್ತಾ ಇನ್ನೂ ಗಟ್ಟಿಯಾಗಿ ಒತ್ತಿದಳು.

"ಕರೆಂಟಿಲ್ಲ ಕಣಮ್ಮ" ಅಂದೆ. ಎಷ್ಟೋ ತಿಂಗಳ ಮೇಲೆ ಮಗಳ ಜೊತೆ ನನ್ನ ಮಾತಿನಲ್ಲಿ ಮಾತಾಡಿದ್ದೆ. "ಡ್ಯಾಡಿಗೆ ಏನೂ ಕೇಳಿಸಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ ಬಂಗಾರ."

ಆಗ ಕೈ ತೆಗೆದಳು. ಕಟ್ಟೆ ಒಡೆದ ಹಾಗೆ ಅಳು ಬಂತು, ಅಳುವಿನ ನಡುವೆ ತೆಲುಗು ಬಂತು. ಕತ್ತಲಿತ್ತು, ಮೂಗಿಗೆ ಪುಡಿ ಹೋಯಿತು, ಹುಳುಗಳೆಲ್ಲ ಸತ್ತುಹೋಗಿವೆ ಅಂದುಕೊಂಡೆ, ಅವ್ವನನ್ನು ಕೂಗೋಣ ಅಂದುಕೊಂಡೆ, ಕೂಗಿದರೆ ಡ್ಯಾಡಿಗೆ ಕೇಳಿಸಿ ಅವ್ವನನ್ನು ಚಿಂತಾಮಣಿಗೆ ಕಳಿಸಿಬಿಡುತ್ತಾರೆ, ಅದಕ್ಕೇ ಕೂಗಲಿಲ್ಲ. ಅತ್ತೆ ಅವಳನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತುಬಿಟ್ಟರು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರೆ. ನಾವು ಆ ಭಾರವನ್ನು ಈ ಪುಟ್ಟ ಜೀವಕ್ಕೆ ತೂಗುಹಾಕಿ, ಚೆನ್ನಾಗಿ ಕಾಣುತ್ತಾಳಾ ಎಂದು ನೋಡುತ್ತಾ ಕೂತಿದ್ದೆವು.

ನೀರು ಕುಡಿಸಿ ಮುಖ ತೊಳೆಯೋಣವೆಂದು ಹಾಲಿಗೆ ಎತ್ತಿಕೊಂಡು ಬಂದೆ. ಬಿಕ್ಕುತ್ತಾ ಅಜ್ಜಿಯ ಜೊತೆ ತೆಲುಗಿನಲ್ಲಿ ಇನ್ನೂ ಹೇಳುತ್ತಲೇ ಇದ್ದಳು. ಚೊಂಬು ತುಟಿಗಿಟ್ಟಿದ್ದೆನಷ್ಟೇ, ಫ್ಯಾನು ಗಿರ್ರೆಂದಿತು. ಟಿವಿಯ ಮೇಲೆ ಕೆಂಪು ದೀಪ ಹತ್ತಿ, ಮಿನುಗಿ, ನೀಲಿಯಾಯಿತು. ಜೋಷಿತಾಳ ಅಳು ನಲ್ಲಿ ತಿರುಗಿಸಿದಂತೆ ನಿಂತಿತು.

"ಹರಿತಾ? ಕ್ಯಾಮೆರಾ ಯಾಕ್ ಆಫ್ ಆಗಿತ್ತು? ಜೋ ಯಾಕ್ ಹಂಗಿದಾಳೆ, ಮುಖ ಎಲ್ಲ ಬೆಳ್ಳಗೆ?" ಗಂಡನ ದನಿಯಲ್ಲಿ ಗಾಬರಿ ಇತ್ತು, ಅದು ಸುಳ್ಳಲ್ಲ. "ಜೋ, ಟೆಲ್ ಡ್ಯಾಡಿ. ವಾಟ್ ಹ್ಯಾಪನ್ಡ್?"

ಅವಳು ನನ್ನ ಸೊಂಟದಿಂದ ಇಳಿದಳು. ಫ್ರಾಕಿನ ತುದಿಯಿಂದ ಮೂಗು ಒರೆಸಿಕೊಂಡು ಕ್ಯಾಮೆರಾದ ಮುಂದೆ ನೆಟ್ಟಗೆ ನಿಂತಳು.

"ನಥಿಂಗ್ ಹ್ಯಾಪನ್ಡ್ ಡ್ಯಾಡಿ. ಐ ವಾಸ್ ಪ್ಲೇಯಿಂಗ್. ಐ ಆಮ್ ಫೈನ್."

ಅತ್ತ ಕಡೆ ಅವನು ಕುಣಿದಾಡುವುದೊಂದು ಬಾಕಿ. "ಕೇಳಿಸ್ಕೊಂಡ್ಯಾ ಹರಿತಾ? ಗಿಣಿಪಾಠ ಅಲ್ಲ ಕಣೇ, ಅವಳೇ ಯೋಚನೆ ಮಾಡಿ ಹೇಳಿದ್ದು! ನಾನ್ ಹೇಳಿರ್ಲಿಲ್ವಾ, ಹಾಡ್ತಾ ಹಾಡ್ತಾ ರಾಗ! ವೆರಿ ಗುಡ್ ಅನ್ನು ಅವಳಿಗೆ. ಅನ್ನೇ."

ಅಂದು ಅಂದು ಸವೆದ ಮಾತು ಅದು. ಆದರೆ ನಾಲಿಗೆ ಏಳಲಿಲ್ಲ. ಅತ್ತೆ ಬಾಗಿಲ ಮರೆಯಲ್ಲಿ ನಿಂತು, ಬೇಡ ಬೇಡ ಎಂದು ನನಗೆ ಸನ್ನೆ ಮಾಡುತ್ತಿದ್ದರು. ನಾನು ಮಂಡಿಯೂರಿ ಮಗಳ ಪಕ್ಕ ಕೂತು, ಕ್ಯಾಮೆರಾವನ್ನು ನೋಡುತ್ತಾ, ಅವನ ತಾಯಿ ನನಗೆ ಕಲಿಸಿದ ತೆಲುಗಿನಲ್ಲೇ ಶುರು ಮಾಡಿದೆ.

"ಕೇಳಿ. ಈಗ ತೆಲುಗು ಮಾತಾಡ್ತಿರೋದು ನಾನು, ನಿಮ್ಮಮ್ಮ ಅಲ್ಲ. ಚಿಂತಾಮಣಿಗೆ ಕಳಿಸೋದಾದ್ರೆ ನನ್ನನ್ನ ಕಳಿಸಿ. ನಿಮ್ಮ ಮಗಳು ಇಷ್ಟು ಹೊತ್ತು ಹುಳುಮನೆಯಲ್ಲಿ..."

ಅಷ್ಟರಲ್ಲಿ ಸುಣ್ಣದ ಪುಟ್ಟ ಕೈ ಬಂದು ನನ್ನ ಬಾಯನ್ನು ಗಟ್ಟಿಯಾಗಿ ಮುಚ್ಚಿತು.

"ಮಮ್ಮಿ, ಇಂಗ್ಲಿಷ್ ಪ್ಲೀಸ್" ಅಂದಳು ಜೋಷಿತಾ, ಕೆಮ್ಮುತ್ತಾ.