ತೆಂಕಲ ಗೌಡನ ಕೋಟೆ

ಮಸ್ಕಿ ದಾಟಿ ಸಿಂಧನೂರಿನ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ, ದೊಡ್ಡ ಕಾಲುವೆಯಿಂದ ಉಪಕಾಲುವೆಯೊಂದು ಕವಲೊಡೆಯುವ ಕಡೆ, ಸರಕಾರ ಕಟ್ಟಿಸಿದ ಒಂದೇ ಖೋಲಿಯ ಮನೆಯೊಂದಿದೆ. ಚೌರಪ್ಪ ಹನ್ನೊಂದು ವರ್ಷದಿಂದ ಅದರಲ್ಲಿದ್ದ. ಅವನ ಕೆಲಸ ಗೇಜು ನೋಡುವುದು. ನೀರೊಳಗೆ ನಿಲ್ಲಿಸಿದ ಅಳತೆಪಟ್ಟಿಯ ಮೇಲೆ ನೀರು ಎಷ್ಟು ಅಡಿ ಏರಿದೆಯೆಂದು ಮುಂಜಾನೆಗೊಮ್ಮೆ ಸಂಜೆಗೊಮ್ಮೆ ಬುಕ್ಕಿನಲ್ಲಿ ಬರೆದು, ಸಿಗ್ನಲ್ ಸಿಗುವ ಏರಿಯ ಮೇಲೆ ಹತ್ತಿ ನಿಂತು ಸಾಹೇಬರ ಆಫೀಸಿಗೆ ಹೇಳುವುದು. ಹೆಚ್ಚಾದರೆ ಗೇಟು ಎರಡು ಸುತ್ತು ಇಳಿಸುವುದು, ಕಡಿಮೆಯಾದರೆ ಎರಡು ಸುತ್ತು ಏರಿಸುವುದು. ಒಳ್ಳೆಯ ಗೇಜಿನವನೆಂದರೆ ಅವನ ಬುಕ್ಕಿನಲ್ಲಿ ವಾರವಿಡೀ ಒಂದೇ ಅಂಕಿ ಇರಬೇಕು. ಚೌರಪ್ಪನ ಬುಕ್ಕಿನಲ್ಲಿ ತಿಂಗಳುಗಟ್ಟಲೆ ಒಂದೇ ಅಂಕಿ ಇರುತ್ತಿತ್ತು. ಸಾಹೇಬರು ಒಮ್ಮೆ, ‘ಈ ಮನಷ್ಯಾ ನೀರು ನೋಡಿ ಬರೀತಾನೋ, ನಿದ್ದಿಗಣ್ಣಾಗ ಬರೀತಾನೋ’ ಎಂದು ನಗೆಯಾಡಿದ್ದರು.

ಅವನು ಮುದಗಲ್ಲಿನ ಕ್ರೈಸ್ತರ ಓಣಿಯವನು. ಓಣಿಯಲ್ಲಿದ್ದವು ಎಣಿಸಿದಷ್ಟು ಮನೆ, ಅವೂ ಒಂದಿಲ್ಲೊಂದು ಕಡೆಯಿಂದ ನೆಂಟರು. ಇವನಿಗೆ ಹೆಣ್ಣು ನೋಡಿದಾಗಲೆಲ್ಲ ಆಕೆ ಹೇಗೋ ಸುತ್ತಿ ಬಳಸಿ ತಂಗಿಯೇ ಆಗುತ್ತಿದ್ದಳು. ಹಾಗೆ ನೋಡುತ್ತ ನೋಡುತ್ತ ನಲವತ್ತಾರು ತುಂಬಿತು, ನೋಡುವವರೂ ಬಿಟ್ಟರು. ಹೊಲದ ಮಂದಿ ನೀರು ಬೇಕಾದಾಗ ಬರುತ್ತಿದ್ದರು. ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು.

ಇಂಥವನಿಗೆ ಸಮುರಾಯಿಗಳು, ಅಂದರೆ ಜಪಾನಿನ ಹಳೆಯ ಕತ್ತಿಯಾಳುಗಳು, ಗಂಟು ಬಿದ್ದದ್ದು ಲಿಂಗಸುಗೂರಿನಲ್ಲಿ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಆಸೀಫ್ ಎಂಬ ಮೂವತ್ತರ ಪ್ರಾಯದವನು ಮೊಬೈಲು, ಕಂಪ್ಯೂಟರು ರಿಪೇರಿ ಮಾಡುತ್ತಿದ್ದ. ಸಿನೆಮಾ ನೋಡಲಿಕ್ಕೆಂದು ಚೌರಪ್ಪ ಅವನ ಹತ್ತಿರ ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡ. ಅದರಲ್ಲಿ ಆಟವೊಂದಿತ್ತು. ಹಳೆಯ ಕಾಲದ ಜಪಾನು, ಒಂದೊಂದು ಸೀಮೆಗೆ ಒಂದೊಂದು ಮನೆತನ. ಒಂದು ಮನೆತನ ಆರಿಸಿಕೊಂಡು, ಹೊಲ ಹದಮಾಡಿ, ದಂಡು ಕಟ್ಟಿ, ಕೋಟೆಗಳನ್ನು ಗೆಲ್ಲುತ್ತ ರಾಜಧಾನಿ ಮುಟ್ಟಿದರೆ ಆಟ ಮುಗಿದಂತೆ.

“ಇಗಾ ನೋಡ್ರಿ ಅಣ್ಣ, ಇದು ನಿಮ್ಮ ಮಂದಿ,” ಎಂದು ಆಸೀಫ್ ನಿಶಾನೆಯ ಮೇಲೆ ಶಿಲುಬೆಯಿದ್ದ ಮನೆತನವೊಂದನ್ನು ತೋರಿಸಿದ್ದ. ಓತೊಮೊ ಎಂದು ಅದರ ಹೆಸರು.

“ನಮ್ಮ ಮಂದಿ ಜಪಾನಿಗೆ ಎಲ್ಲಿಂದ ಹೋದ್ರಲೇ?”

“ಮುದಗಲ್‌ಗೆ ಎಲ್ಲಿಂದ ಬಂದ್ರು? ಹಡಗದಾಗ ಬಂದ ಪಾದ್ರಿಗಳು ಇಲ್ಲಿ ಇಳದಂಗ ಅಲ್ಲೀನೂ ಇಳದಿರ್ಬೇಕು ತಗೋರಿ.”

ಆ ಮನೆತನವನ್ನು ಆಡಿಸುವುದು ಕಠಿಣ. ಬಂದೂಕುಗಳು ಉಳಿದವರಿಗಿಂತ ಮೊದಲೇ ಸಿಗುತ್ತವೆ, ಹಡಗಿನ ವ್ಯಾಪಾರವೂ ಚೆನ್ನ. ಆದರೆ ಬೇರೆ ದೇವರೆಂದು ನೆರೆಯವರೆಲ್ಲ ಹಲ್ಲು ಕಡಿಯುತ್ತಾರೆ. ತನ್ನ ಊರಿನ ಪ್ರಜೆಗಳೇ ಅರ್ಧ ಮಂದಿ ಮುನಿಸಿಕೊಂಡಿರುತ್ತಾರೆ. ಮೊದಲ ಎರಡು ವರ್ಷ ದಾಟಿದರೆ ಬದುಕಿದಂತೆ, ದಾಟದಿದ್ದರೆ ಇಲ್ಲ.

ಇಬ್ಬರೂ ಸೇರಿ ಒಂದೇ ಮನೆತನ ಆಡೋಣವೆಂದು ಆಸೀಫನೇ ಹೇಳಿದ. ಗೇಟಿನ ಖೋಲಿಯಲ್ಲಿ ಇಂಟರ್‌ನೆಟ್ ಬಾರದು. ಅದಕ್ಕೆ ಮುಯ್ಯಾಳಿನ ಪದ್ಧತಿ ಹಾಕಿಕೊಂಡರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಒಕ್ಕಲಿಗರು ಮಾಡುವುದಿಲ್ಲವೆ, ಹಾಗೆ. ಆಟದ ಒಂದು ವರ್ಷ ಇವನು ನಡೆಸುವುದು, ಪೆನ್‌ಡ್ರೈವಿಗೆ ಹಾಕಿ ಬಸ್ಸಿಗೆ ಕೊಡುವುದು. ಮುಂದಿನ ವರ್ಷ ಅವನು ನಡೆಸಿ ತಿರುಗಿ ಕಳಿಸುವುದು. ಗುರುವಾರಕ್ಕೊಮ್ಮೆ ಕಂಡಕ್ಟರ್ ಅಯ್ಯಪ್ಪ ಗೇಟಿನ ಹತ್ತಿರ ಬಸ್ಸು ನಿಲ್ಲಿಸಿ, “ತಗೋ ಚೌರಪ್ಪ, ನಿನ್ನ ರಾಜ್ಯ ಬಂತು,” ಎಂದು ಕಾಗದದಲ್ಲಿ ಸುತ್ತಿದ ಪೆನ್‌ಡ್ರೈವನ್ನು ಕಿಟಕಿಯಿಂದ ಕೊಡುತ್ತಿದ್ದ.

ಮೊದಲ ಸಲ ಆಸೀಫ್ ಅವಸರಕ್ಕೆ ಬಿದ್ದು ತಮ್ಮ ಕೋಟೆ ಖಾಲಿ ಬಿಟ್ಟು ದಂಡು ಹೊರಡಿಸಿದ, ಕೋಟೆಯೇ ಹೋಯಿತು. ಎರಡನೆಯ ಸಲ ಚೌರಪ್ಪ ಭಕ್ತಿಗೆ ಬಿದ್ದು ಊರೂರಿಗೆ ಚರ್ಚು ಕಟ್ಟಿಸಿದ, ಪ್ರಜೆಗಳು ದಂಗೆಯೆದ್ದರು. ಮೂರನೆಯ ಸಲ ಮೊದಲ ವರ್ಷಗಳು ದಾಟಿದವು. ತೆಂಕು ದಿಕ್ಕಿನ ದೊರೆಗೆ ಅವರು ತೆಂಕಲ ಗೌಡ ಎಂದು ಹೆಸರಿಟ್ಟರು, ಬಡಗು ದಿಕ್ಕಿನವನಿಗೆ ಬಡಗಲ ದೇಸಾಯಿ ಎಂದು.

ಆಟದ ಜೊತೆಗೆ ಇಬ್ಬರೂ ಮಾತನ್ನೂ ಮೊಬೈಲಿನಲ್ಲಿ ಹಿಡಿದು ಅದೇ ಪೆನ್‌ಡ್ರೈವಿಗೆ ತುಂಬುತ್ತಿದ್ದರು. ನಾನು ಹೀಗೆ ಮಾಡಿದ್ದೇನೆ, ನೀನು ಹೀಗೆ ಮಾಡು ಎಂದು ಎರಡು ನಿಮಿಷದ ಮಾತು. ಚೌರಪ್ಪನದು ಬರಬರುತ್ತ ಇಪ್ಪತ್ತು ನಿಮಿಷಕ್ಕೆ ಹೋಯಿತು. ಗೌಡನ ದಂಡಿನ ಸುದ್ದಿ ಮುಗಿಸಿ, ಕಾಲುವೆಯಲ್ಲಿ ತೇಲಿಬಂದ ಕುಂಬಳಕಾಯಿಯ ಸುದ್ದಿ, ಒಲೆಯ ಮೇಲಿಟ್ಟು ಮರೆತ ಅನ್ನದ ಸುದ್ದಿ, ಹಲ್ಲುನೋವಿನ ಸುದ್ದಿ. ಬೆಸುಗೆ ಹಾಕುತ್ತ ಕುಳಿತಾಗ ಅದನ್ನೆಲ್ಲ ಕೇಳುತ್ತೇನೆಂದು ಆಸೀಫ್ ಹೇಳಿದ್ದ. ಅಷ್ಟು ಸಾಕಾಗಿತ್ತು ಚೌರಪ್ಪನಿಗೆ.

ದಸರೆಯ ಹೊತ್ತಿಗೆ ಬಂದ ಪೆನ್‌ಡ್ರೈವಿನಲ್ಲಿ ಆಸೀಫನ ಮಾತು ಹೀಗಿತ್ತು: “ಅಣ್ಣ, ನಮ್ಮ ಮಾವಾರು ಗೌಸ್‌ಸಾಬ್ ಅವ್ರು ಸಿಂಧನೂರಿನಾಗ ದೊಡ್ಡ ಅಂಗಡಿ ಹಿಡದಾರ. ಯುಗಾದಿ ಹಿಂದ ಮುಂದ ನಾ ಅಲ್ಲಿಗೆ ಹೋಗಾಂವ. ಅಲ್ಲಿ ಹೋದ್ಮ್ಯಾಗ ಇದೆಲ್ಲಾ ಆಗಂಗಿಲ್ರಿ. ಅಷ್ಟರೊಳಗ ಇದನ್ನ ಮುಗಿಸಿಬಿಡೂನು. ಗೆದ್ರ ಗೆದ್ವಿ, ಸೋತ್ರ ಸೋತ್ವಿ. ಅಲ್ಲಿಗೆ ಸಾಕ್ ಮಾಡೂನು.”

ಚೌರಪ್ಪ ಅದನ್ನು ಮೂರು ಸಲ ಕೇಳಿದ. ಸಿಂಧನೂರೇನು ಪರದೇಶವಲ್ಲ, ಗೇಟಿನಿಂದ ಲಿಂಗಸುಗೂರಿಗಿಂತ ಹತ್ತಿರ. ಅದೇ ಬಸ್ಸು, ಅದೇ ಅಯ್ಯಪ್ಪ. ಆದರೆ ಗೆದ್ದರೂ ಮುಗಿಯಿತು, ಸೋತರೂ ಮುಗಿಯಿತು ಎಂದ ಮೇಲೆ ದೂರದ ಮಾತು ಎಲ್ಲಿ ಬಂತು?

ಹಾಗಾದರೆ ಗೆಲ್ಲಬಾರದು, ಸೋಲಲೂಬಾರದು. ಹನ್ನೊಂದು ವರ್ಷದಿಂದ ಕಾಲುವೆಯ ನೀರಿಗೆ ಅವನು ಮಾಡಿಕೊಂಡು ಬಂದದ್ದೂ ಅದೇ.

ಅಲ್ಲಿಂದ ಮುಂದೆ ತನ್ನ ಪಾಳಿ ಬಂದಾಗಲೆಲ್ಲ ಚೌರಪ್ಪ ರಾಜ್ಯಕ್ಕೆ ಗೇಜು ಹಚ್ಚಿ ಕುಳಿತ. ದಂಡು ಹೆಚ್ಚಾಯಿತೆನಿಸಿದರೆ ಎರಡು ತುಕಡಿ ಮನೆಗೆ ಕಳಿಸುವನು. ದೇಸಾಯಿ ಸಿಟ್ಟಾದರೆ ಕಾಣಿಕೆ, ಪ್ರಜೆಗಳು ಮುನಿದರೆ ಪಾದ್ರಿಯನ್ನು ಒಂದು ವರ್ಷ ಹಿಂದಕ್ಕೆ ಕರೆಸುವುದು. ಆಸೀಫ್ ತನ್ನ ಪಾಳಿಯಲ್ಲಿ ಬೆವರಿಳಿಸಿ ತೆಂಕಲ ಗೌಡನ ಕೋಟೆ ಹಿಡಿದು ಕಳಿಸಿದ. ಚೌರಪ್ಪ ಒಂದು ದಿನವೆಲ್ಲ ಅದನ್ನು ನೋಡುತ್ತ ಕುಳಿತು, ಕಡೆಗೆ ಗೌಡನೊಡನೆ ಸಂಧಿ ಮಾಡಿಕೊಂಡು ಕೋಟೆ ಮರಳಿ ಕೊಟ್ಟುಬಿಟ್ಟ. ಆಮೇಲೆ ಮೊಬೈಲಿನಲ್ಲಿ, “ಗೌಡ ದೊಡ್ಡ ದಂಡ ತಗಂಡ್ ಬಂದಾನಪ್ಪ. ನಮ್ಮಾವ್ರು ತಡೀಲಿಲ್ಲ,” ಎಂದು ಹೇಳಿದ. ಆಸೀಫ್ ಮತ್ತೆ ಹಿಡಿದ. ಚೌರಪ್ಪ ಮತ್ತೆ ಕೊಟ್ಟ, ಈ ಸಲ ದಂಗೆಯ ನೆಪ ಹೇಳಿದ. ಹೀಗೆ ನಾಲ್ಕು ಸಲ.

ಅವನಿಗೆ ತಿಳಿಯದ ಒಂದು ಸಂಗತಿಯೆಂದರೆ, ಒಂದೊಂದು ಹಂಗಾಮು ಕಳೆದಾಗಲೂ ಆಟ ತಾನೇ ಒಂದೊಂದು ನಕಲನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುತ್ತಿತ್ತು.

ಫೆಬ್ರವರಿಯ ಒಂದು ಗುರುವಾರ ಅಯ್ಯಪ್ಪ ಬರಿಗೈ ಆಡಿಸಿ ಹೋದ. ಮುಂದಿನ ಗುರುವಾರವೂ ಅಷ್ಟೇ. ಫೋನಿಗೆ ಆಸೀಫ್, “ಕೆಲಸ ಭಾಳ ಐತ್ರಿ ಅಣ್ಣ,” ಎಂದಷ್ಟೇ ಹೇಳಿ ಇಟ್ಟ. ಚೌರಪ್ಪ ಎರಡು ದಿನ ತಡೆದ. ಮೂರನೆಯ ದಿನ ಪಕ್ಕದ ಹೊಲದ ಕರಿಬಸಪ್ಪನನ್ನು ಕರೆದು, ಸಂಜೆಯ ತನಕ ನೀರಿನ ಕಡೆ ಒಂದು ಕಣ್ಣಿಡೆಂದು ಹೇಳಿ ಲಿಂಗಸುಗೂರಿನ ಬಸ್ಸು ಹತ್ತಿದ. ನೀರು ಹರಿಯುವಾಗ ಗೇಟು ಬಿಟ್ಟು ಅವನು ಹೋದದ್ದು ಅದೇ ಮೊದಲು.

ಅಂಗಡಿ ಅರ್ಧ ಖಾಲಿಯಾಗಿತ್ತು. ಗೋಡೆಯ ಹಲಗೆ ಬಿಚ್ಚಿದ್ದರು, ಸಾಮಾನು ರಟ್ಟಿನ ಡಬ್ಬಿಗಳಲ್ಲಿ ತುಂಬಿತ್ತು. ಆಸೀಫ್ ತಲೆಯೆತ್ತಿ ನೋಡಿ, “ಬರ್ರಿ,” ಎಂದು ಸ್ಟೂಲು ಸರಿಸಿದ.

“ಯುಗಾದಿಗಂದಿದ್ದಿ?”

“ಮಾವಾರು ಇವತ್ತ ಬಾ ಅಂದ್ರು. ಟೆಂಪೋ ಬರಾಕತ್ತೈತಿ.” ಸ್ವಲ್ಪ ಹೊತ್ತು ಡಬ್ಬಿಗೆ ಟೇಪು ಸುತ್ತಿದ. ಆಮೇಲೆ, “ಅಣ್ಣ, ತೆಂಕಲ ಗೌಡ ನಿಮಗೇನ್ ಬೀಗ ಆಗ್ಬೇಕೇನ್ರಿ?” ಎಂದ.

ಚೌರಪ್ಪ ಡಬ್ಬಿಯ ಮುಚ್ಚಳ ಒತ್ತಿ ಹಿಡಿದುಕೊಟ್ಟ.

“ಹಳೇ ನಕಲು ಎಲ್ಲಾ ತಗದು ನೋಡೀನಿ. ದಂಡೂ ಬಂದಿಲ್ಲ, ದಂಗೀನೂ ಆಗಿಲ್ಲ. ಹಿಡದ ಕ್ವಾಟಿ ತಾಟಿನಾಗ ಇಟ್ಟು ಕೊಟ್ಟೀರಿ. ನಾಕ್ ಸಲ.”

“ಹಿಡಕೊಳ್ಳಾಕ ಬಂದೋಬಸ್ತ ಇರ್ಲಿಲ್ಲಪ್ಪ...”

“ಹಂಗಾರ ಈಗ ಆಡ್ರಿ. ನನ್ನ ಮುಂದ ಆಡ್ರಿ, ನೋಡ್ತೀನಿ.” ಆಸೀಫ್ ಇನ್ನೂ ಕಟ್ಟದೆ ಉಳಿದಿದ್ದ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದ. “ಮೊದಲ್ನೇ ವರ್ಷದಿಂದ.”

ಚೌರಪ್ಪ ಕುಳಿತ. ತಪ್ಪು ತಪ್ಪಾಗಿ ಆಡಬೇಕೆಂದೇ ಮೌಸು ಹಿಡಿದ. ಆದರೆ ಪಕ್ಕದಲ್ಲಿ ಒಬ್ಬ ಮನುಷ್ಯ ಕುಳಿತು ನೋಡುತ್ತಿರುವಾಗ ಆಡುವ ರುಚಿಯೇ ಬೇರೆ ಇತ್ತು. ಅದು ಅವನಿಗೆ ಗೊತ್ತಿರಲಿಲ್ಲ, ಕೈ ತಾನೇ ಓಡತೊಡಗಿತು.

“ದೇಸಾಯಿಗೆ ಮೊದ್ಲ ಕಾಣಿಕಿ ಕಳಿಸ್ಬೇಕು. ಬಾಯಿ ಮುಚ್ಚತಾನ,” ಎಂದ. “ಇನ್ನ ಗೌಡ. ಬ್ಯಾಸಗಿ ಬಂದ್ರ ಅವ ತನ್ನ ಆಚೀ ಕಡಿಯಾವನ ಮ್ಯಾಗ ದಂಡೆತ್ತಿ ಹೋಗ್ತಾನ. ಪ್ರತಿ ಸಲಾನೂ ಹೋಗ್ತಾನ, ಚಟ ಐತಿ ಅವಂಗ. ಮನ್ಯಾಗ ಎಣಿಸಿ ಮೂರ್ ತುಕಡಿ ಬಿಟ್ಟಿರ್ತಾನ. ಆವಾಗ ಹೋಗ್ಬೇಕು. ಬಂದೂಕದಾವ್ರನ ಈ ದಿಬ್ಬದ ಮ್ಯಾಗ ಕೂಡ್ಸಿ ಸುಮ್ನಿರ್ಬೇಕು, ಅವ್ರ ಹತ್ತಿ ಬರ್ತಾರ. ಕ್ವಾಟಿ ಹಿಡದ ಮ್ಯಾಗ ಒಂದ್ ವರ್ಷ ಚರ್ಚಿನ ಹೆಸರ ತಗೀಬಾರ್ದು. ಹೊಲಕ್ಕ ಹಾದಿ, ಸಂತಿ, ಅಷ್ಟ ಮಾಡ್ಬೇಕು. ಮಂದಿ ತಾವ ಮೆತ್ತಗಾಗ್ತಾರ.”

ಹಾಗೆಯೇ ಆಯಿತು. ಗೌಡನ ಕೋಟೆ ಮೊದಲ ಬೇಸಿಗೆಗೇ ಕೈಗೆ ಬಂತು. ಮರುವರ್ಷ ಅದರಾಚೆಯದು ಬಂತು. ಗಿರಾಕಿಯೊಬ್ಬ ಬಂದು, “ಚಾರ್ಜರ್ ಐತೇನ್ರಿ?” ಎಂದು ಕೇಳಿದ್ದಕ್ಕೆ ಆಸೀಫ್ ಉತ್ತರ ಕೊಡುವುದನ್ನೇ ಮರೆತ. ಎರಡು ಗಂಟೆಯೊಳಗೆ ಮೂರು ಕೋಟೆಗಳ ಮೇಲೆ ಶಿಲುಬೆಯ ನಿಶಾನೆ ಏರಿತು. ಚೌರಪ್ಪ ಖುಷಿಯಲ್ಲಿ ತಿರುಗಿ ನೋಡಿದ. ಆಸೀಫನ ಮುಖದಲ್ಲಿ ಖುಷಿ ಇರಲಿಲ್ಲ.

“ಇಷ್ಟೆಲ್ಲಾ ಗೊತ್ತಿತ್ತಲ್ರೀ ನಿಮಗ.”

“ದಿನಾ ನೋಡಿ ನೋಡಿ...”

“ನಾ ಅಂಗಡಿ ಬಾಗಲಾ ಹಾಕಿ ಮನೀಗ್ ಹೋಗದ ಆಡೀನಿ. ಮನಿಯಾಕಿ ಶಾಹೀಸ್ತಾ ಬೈದಾಳ, ಬೈಸ್ಕಂಡ್ ಆಡೀನಿ. ಚೌರಪ್ಪಣ್ಣ ಒದ್ದ್ಯಾಡಾಕತ್ತಾನ, ನಾ ಒಂದ್ ಕೈ ಹಚ್ಬೇಕು ಅಂತ.” ಅವನು ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟ. “ಯಾಕ್ ಹಂಗ್ ಮಾಡಿದ್ರಿ?”

ಚೌರಪ್ಪ ಮೌಸು ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡ. “ಗೆದ್ರ ಮುಗೀತದಲ್ಲಪ್ಪ,” ಎಂದ.

ಆಸೀಫನಿಗೆ ಮಾತು ತಿಳಿಯಿತು. ತಿಳಿದದ್ದು ಚೌರಪ್ಪನಿಗೂ ಕಂಡಿತು. ಆದರೆ ಆಸೀಫ್ ಹೇಳಿದ್ದು ಬೇರೆ: “ಅಲ್ರೀ, ನಾಕ್ ತಿಂಗಳ ನಾ ಒಬ್ಬಾಂವನ ಆಡ್ದಂಗ ಆತಲ್ಲ.”

ಒಬ್ಬನೇ ಆಡುವುದೆಂದರೆ ಏನೆಂದು ಚೌರಪ್ಪನಷ್ಟು ತಿಳಿದವರು ಆ ಸೀಮೆಯಲ್ಲಿ ಯಾರಿದ್ದರು? ತನಗಾದದ್ದನ್ನೇ ತಾನು ಇನ್ನೊಬ್ಬನಿಗೆ ಮಾಡಬಹುದೆಂಬುದು ಮಾತ್ರ ಅವನ ಮನಸ್ಸಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಹೊರಗೆ ಟೆಂಪೋದ ಹಾರ್ನು ಕೇಳಿತು. ಚಾಲಕ ಮೌಲಾಸಾಬ್ ಒಳಗೆ ಬಂದು, “ಇನ್ನಾ ಕಟ್ಟಿಲ್ಲೇನೋ ಮಾರಾಯ,” ಎಂದ. ಆಸೀಫ್ ಎದ್ದು ಕಂಪ್ಯೂಟರಿನ ವೈರು ಕಿತ್ತ. ಪರದೆ ಕಪ್ಪಾಯಿತು. ಗೆದ್ದ ಮೂರು ಕೋಟೆಗಳನ್ನು ಸೇವ್ ಮಾಡಿರಲಿಲ್ಲ. ಅದನ್ನು ಇಬ್ಬರೂ ಕಂಡರು.

ಚೌರಪ್ಪ ಡಬ್ಬಿ ಹೊರಲಿಕ್ಕೆ ನಿಂತ. ಬೇಡವೆಂದು ಆಸೀಫ್ ಹೇಳಲಿಲ್ಲ. ಎಲ್ಲ ತುಂಬಿದ ಮೇಲೆ, “ಬರ್ರಿ ಅಣ್ಣ, ಹಾದ್ಯಾಗ ಇಳಸ್ತೀನಿ,” ಎಂದ.

ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕುಳಿತರು. ಆಸೀಫನ ಹೆಗಲು ಚೌರಪ್ಪನ ಹೆಗಲಿಗೆ ತಾಗುತ್ತಿತ್ತು. ಗುರುವಾರ ಗುರುವಾರ ಇಪ್ಪತ್ತು ನಿಮಿಷ ತಡೆಯಿಲ್ಲದೆ ಮಾತಾಡಿದವನಿಗೆ, ಕೇಳುವವನು ಪಕ್ಕದಲ್ಲೇ ಇದ್ದರೂ, ಒಂದು ತಾಸಿನ ಹಾದಿಯಲ್ಲಿ ನಾಲಿಗೆ ಏಳಲಿಲ್ಲ. ಹತ್ತಿಯ ಲಾರಿಯೊಂದು ಎದುರಾದಾಗ, “ಈ ಸಲ ಹತ್ತಿ ಚಲೋ ಬಂದೈತಿ,” ಎಂದ. ಆಸೀಫ್ ಹೂಂಗುಟ್ಟಿದ. ಮಸ್ಕಿಯಲ್ಲಿ ಮೌಲಾಸಾಬ್ ಎಲೆಅಡಿಕೆಗೆ ಇಳಿದಾಗಲೂ ಇಬ್ಬರೂ ಎದುರಿನ ಗಾಜನ್ನೇ ನೋಡುತ್ತ ಕುಳಿತಿದ್ದರು.

ಗೇಟಿನ ಹತ್ತಿರ ಟೆಂಪೋ ನಿಂತಿತು.

“ಇದೇನ್ರೀ ನಿಮ್ಮ ಖೋಲಿ?” ಆಸೀಫ್ ಬಗ್ಗಿ ನೋಡಿದ. “ಒಮ್ಮಿನೂ ನೋಡಿದ್ದಿಲ್ಲ.”

“ಇಳಿ. ಚಾ ಕುಡದ್ ಹೋಗು.”

“ಸಾಮಾನ ಇಳಸ್ಬೇಕ್ರಿ. ಮಾವಾರು ಕಾಯಾಕತ್ತಾರ.”

“ಹೌದೌದು.” ಚೌರಪ್ಪ ಇಳಿದು ಬಾಗಿಲು ಹಿಡಿದು ನಿಂತ. “ಆಸೀಫ, ನಾ ಸುಳ್ಳ ಹೇಳ್ಬಾರ್ದಿತ್ತು.”

“ಬಿಡ್ರಿ ಅಣ್ಣ. ಆಟಲ್ಲೇನ್ರಿ ಅದು.”

“ಸಿಂಧನೂರಿಗೆ ಕಳಿಸ್ಲೇನು? ಈ ಸಲ ಗೆಲ್ಲಾಕ ಆಡ್ತೀನಿ.”

“ನೋಡೋಣ್ರಿ,” ಎಂದ ಆಸೀಫ್. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತೆಂದು ಚೌರಪ್ಪನಿಗೆ ಅನಿಸಿತು.

ಟೆಂಪೋ ಹೊರಟಿತು. ಹಿಂದೆ ಬಿಗಿದ ತಾಡಪತ್ರಿಯ ಒಂದು ತುದಿ ಬಿಚ್ಚಿಕೊಂಡು ಪಟಪಟ ಬಡಿಯುತ್ತಿತ್ತು. ಕೆಳಗಿನ ಡಬ್ಬಿಯೊಂದು ಜರುಗಿ ಅಂಚಿಗೆ ಬಂದಿತ್ತು. ಚೌರಪ್ಪ ಕೂಗಿದ. ಕೇಳಲಿಲ್ಲವೆಂದು ಎರಡೂ ಕೈ ಎತ್ತಿ ಬೀಸುತ್ತ ನಾಲ್ಕು ಹೆಜ್ಜೆ ಓಡಿದ. ಕೈ ಬೀಸುವುದಷ್ಟೇ ಕನ್ನಡಿಯಲ್ಲಿ ಕಂಡಿರಬೇಕು. ಕಿಟಕಿಯಿಂದ ಆಸೀಫನ ಕೈ ಹೊರಗೆ ಬಂದು, ಹೋಗಿಬರುತ್ತೇನೆನ್ನುವಂತೆ ಎರಡು ಸಲ ಆಡಿ, ಒಳಗೆ ಹೋಯಿತು.