ಎರಡನೇ ಬ್ರೇಕು

ಡ್ರೈವಿಂಗ್ ಸ್ಕೂಲಿನಲ್ಲಿ ಅವರಿಗೆ ಬ್ರೇಕ್ ಮೇಷ್ಟ್ರು ಎಂದೇ ಹೆಸರು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದಲ್ಲ, ಅದರ ಮೇಲಿಂದ ಅವರ ಪಾದ ಕದಲಿದ್ದನ್ನು ಕಂಡವರಿಲ್ಲ. ಅವರ ಶಿಷ್ಯರ ಕೈಯಲ್ಲಿ ಇವತ್ತಿನವರೆಗೆ ಒಂದು ಕೋಳಿಯೂ ಸತ್ತಿರಲಿಲ್ಲ. ಆ ಜಂಬ ಮೇಷ್ಟ್ರಿಗೆ ಇತ್ತು, ಇದ್ದರೆ ತಪ್ಪೇನೂ ಅಲ್ಲ.

ಮಗಳಿಗೆ ಊರಾಚೆಯ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಆ ಕಡೆಗೆ ಬಸ್ಸಿಲ್ಲ. ಗೆಳತಿಯ ಸ್ಕೂಟರ್ ಓಡಿಸಿ ಓಡಿಸಿ ಕೈ ಕುದುರಿದ್ದವಳು, ತನಗೂ ಒಂದು ಎಲೆಕ್ಟ್ರಿಕ್ ಸ್ಕೂಟರ್ ಬೇಕೆಂದಳು.

“ಕಾರಲ್ಲಾದ್ರೆ ಸುತ್ತ ತಗಡಿದೆ, ಬೆಲ್ಟಿದೆ. ಸ್ಕೂಟರಲ್ಲಿ ಏನಿದೆ? ನಿನ್ನ ಮೂಳೆ ಇದೆ!”

“ಬೇರೆಯವರ ಕಾರಿಗೆ ಹೆದರಿ ನಾನೂ ಕಾರು ಓಡಿಸ್ಬೇಕಾ ಅಪ್ಪ?”

“ಹೌದು ಕಣೇ, ಓಡಿಸ್ಬೇಕು.”

ಮೇಷ್ಟ್ರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಗಾಗೆದ್ದು ಸ್ಕೂಲಿನ ಕಾರಿನಲ್ಲಿ ತಾವೇ ಕಲಿಸಿದರು. ಮಗಳು ಹೂವೆತ್ತಿದ ಹಾಗೆ ಓಡಿಸುತ್ತಾಳೆ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದರು. ಪರೀಕ್ಷೆ ಹತ್ತಿರ ಬಂದಾಗ, ಮನೆಯ ಕಾರೂ ರೂಢಿಯಾಗಲಿ ಎಂದು ಅದರಲ್ಲಿ ಕರೆದುಕೊಂಡು ಹೊರಟರು.

ತಿರುವು ದಾಟುತ್ತಲೇ ಎದುರಿಗೆ ಒಂದು ತಳ್ಳುಗಾಡಿ. ಮೇಲೆ ಮರದ ಬೀರು, ಪಕ್ಕದಲ್ಲಿ ಹಗ್ಗ ಬಿಗಿಯುತ್ತಿದ್ದ ಗಾಡಿಯವನು. ಮೇಷ್ಟ್ರು ಬಲವಾಗಿ ಕಾಲು ಒತ್ತಿದರು. ಕಾಲ ಕೆಳಗೆ ಬರೀ ಮ್ಯಾಟು. ಗಾಡಿಯವನು ಹಾರಿಕೊಂಡದ್ದರಿಂದ ಬದುಕಿದ. ಕಾರು ಗಾಡಿಗೆ ಗುದ್ದಿ, ಬೀರು ದಡಾರನೆ ಉರುಳಿತು.

“ಬ್ರೇಕ್ ಯಾಕೆ ಹಾಕ್ಲಿಲ್ಲ?”

“ನೀನು ಹಾಕ್ತೀಯ ಅಂದ್ಕೊಂಡೆ.”

ಮೇಷ್ಟ್ರಿಗೆ ಆಗ ಹೊಳೆಯಿತು. ಇಷ್ಟು ದಿನ ಕಾರು ನಿಂತದ್ದೆಲ್ಲ ತಮ್ಮ ಕಾಲಿನಿಂದಲೇ. ಕಾರು ನಿಲ್ಲಿಸುವುದೊಂದನ್ನು ಬಿಟ್ಟು ಮಗಳಿಗೆ ಎಲ್ಲವನ್ನೂ ಕಲಿಸಿದ್ದರು.

“ಸ್ಕೂಟರಾಗಿದ್ರೆ ನಿನ್ನ ಗತಿ ಏನಾಗ್ತಿತ್ತು?” ಎಂದರು, ಸೋಲಲಾರದೆ.

“ಸ್ಕೂಟರಲ್ಲಿ ನಾನೇ ಹಿಡೀತೀನಿ ಅಪ್ಪ. ಅಲ್ಲಿ ನೀನಿರಲ್ವಲ್ಲ.”

ಅಷ್ಟರಲ್ಲಿ ಗಾಡಿಯವನು ಮಂಡಿ ಒರೆಸಿಕೊಳ್ಳುತ್ತಾ ಕಿಟಕಿಯ ಬಳಿ ಬಂದ. “ಒಳಗಿರೋರಿಗೆ ಏನೂ ಆಗ್ಲಿಲ್ಲ ತಾನೆ?” ಕೊಂಕಿಗೆ ಕೇಳಿದನೋ ಕಾಳಜಿಗೆ ಕೇಳಿದನೋ, ಮೇಷ್ಟ್ರಿಗೆ ತಲೆಯೆತ್ತಿ ಅವನ ಮುಖ ನೋಡಲಾಗಲಿಲ್ಲ. ಇಳಿದು ಬೀರಿಗೆ ಹೆಗಲು ಕೊಟ್ಟರು.

ಸ್ಕೂಟರ್ ಬಂತು. ಕೆಲಸದ ಮೊದಲ ಬೆಳಿಗ್ಗೆ ಮಗಳು ಹೆಲ್ಮೆಟ್ಟು ಬಿಗಿದುಕೊಂಡು ಸೀಟು ತಟ್ಟಿದಳು. “ಹಿಂದೆ ಕೂತ್ಕೋ ಬಾ. ಆಸ್ಪತ್ರೆವರೆಗೂ ಬಂದು ನೋಡಿದ್ರೆ ನಿಂಗೂ ಧೈರ್ಯ ಬರುತ್ತೆ.”

ಹತ್ತಬೇಕೆಂದು ಮೇಷ್ಟ್ರ ಜೀವ ಹೊಡೆದುಕೊಳ್ಳುತ್ತಿತ್ತು. ಆದರೂ ಹಿಂದೆ ಸರಿದು ನಿಂತರು.

“ಬೇಡ. ನಾನು ಜೊತೆಗಿದ್ರೆ ನೀನು ನನ್ನ ನಂಬ್ಕೊಂಡೇ ಓಡಿಸ್ತೀಯ. ಹೋಗು.”

ಅವಳು ಹೋದಳು. ಹೆದರಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ; ಅದನ್ನು ಹೊತ್ತುಕೊಂಡೇ ಮೇಷ್ಟ್ರು ಒಳಗೆ ಬಂದರು.